ಊದಿದರೆ ಉಬ್ಬುವ ಕೈ

ಎದುರು ಮಾತಾಡುವವರ ಜೊತೆ ನಾನು ಹೇಗಾದರೂ ಏಗುತ್ತೇನೆ. ಪೀಣ್ಯದ ಕಾರ್ಖಾನೆಯೊಂದರಲ್ಲಿ ಹಾಜರಿ ಪುಸ್ತಕದಿಂದ ಹಿಡಿದು ಕ್ಯಾಂಟೀನಿನ ಸಾಂಬಾರಿನವರೆಗೆ ಎಲ್ಲದಕ್ಕೂ ಬೈಸಿಕೊಳ್ಳುವ ಕುರ್ಚಿಯಲ್ಲಿ ಇಷ್ಟು ವರ್ಷ ಕೂತವಳಿಗೆ ಜಗಳ ಹೊಸದಲ್ಲ. ನನ್ನ ಕೈಲಾಗದಿರುವುದು ಹೇಳಿದ್ದಕ್ಕೆಲ್ಲ 'ಆಯ್ತು' ಎನ್ನುವವರ ಜೊತೆ ಏಗುವುದು. ನಮ್ಮ ಸೋದರತ್ತೆ ಒಬ್ಬರಿದ್ದರು. ಸಾರಿಗೆ ಬೆಲ್ಲ ಹಾಕಬೇಡಿ ಅತ್ತೆ ಎಂದರೆ, ನೀನು ಹೇಳೋದೇ ಸರಿ ಕಣಮ್ಮ, ಬೆಲ್ಲ ಹಾಕಿದರೆ ಸಾರಿನ ರುಚಿಯೇ ಕೆಡುತ್ತೆ ಎಂದು ನಮಗಿಂತ ಜೋರಾಗಿ ಒಪ್ಪಿಕೊಂಡು, ಆ ಮಾತು ಮುಗಿಯುವಷ್ಟರಲ್ಲಿ ಒಂದು ಅಚ್ಚು ಬೆಲ್ಲವನ್ನು ಕುದಿಯುವ ಸಾರಿನೊಳಕ್ಕೆ ಇಳಿಬಿಟ್ಟಿರುತ್ತಿದ್ದರು. ಜಗಳ ಆಡೋಣವೆಂದರೆ ಅವರು ನಮ್ಮ ಪಕ್ಷದಲ್ಲೇ ಇರುತ್ತಿದ್ದರು. ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಯಿತು. ಅವರು ಮತ್ತೆ ಹುಟ್ಟಿ ಬಂದು ನನ್ನ ಕಂಪ್ಯೂಟರಿನೊಳಗೆ ಸೇರಿಕೊಂಡಿದ್ದಾರೆಂದು ನನಗೆ ಗೊತ್ತಾದದ್ದು ಈಚೆಗೆ, ಎಐ ಹಿಡಿದುಕೊಂಡು ಕಾರ್ಟೂನು ಮಾಡಲು ಹೊರಟಾಗ.

ಈ ವಯಸ್ಸಿನಲ್ಲಿ ಕಾರ್ಟೂನು ಯಾಕೆ ಎಂದು ನೀವು ಕೇಳುತ್ತೀರಿ. ನಮ್ಮ ಮನೆಯವರೂ ಕೇಳಿದರು. ಕಾರಣ ಶಿವಣ್ಣ. ನಮ್ಮದು ತಗಡನ್ನು ಒತ್ತಿ ಸಣ್ಣ ಸಣ್ಣ ಬಿಡಿಭಾಗ ಮಾಡುವ ಕಾರ್ಖಾನೆ. ಪವರ್ ಪ್ರೆಸ್ ಎಂಬ ಯಂತ್ರದ ಕೆಳಗೆ ತಗಡಿಟ್ಟರೆ, ಮೇಲಿನಿಂದ ಆನೆ ತೂಕದ ಅಚ್ಚು ಧಡ್ ಎಂದು ಬಿದ್ದು ಎದ್ದು ಹೋಗುತ್ತದೆ. ಅದು ಬೀಳುವ ಹೊತ್ತಿಗೆ ಕೈ ಅಡಿಯಲ್ಲಿರಬಾರದೆಂದು ಯಂತ್ರದ ಎರಡು ಕಡೆ ಎರಡು ಗುಂಡಿ ಇಟ್ಟಿರುತ್ತಾರೆ. ಎಡಗೈ ಒಂದರ ಮೇಲೆ, ಬಲಗೈ ಇನ್ನೊಂದರ ಮೇಲೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯಬೇಕು. ಇದನ್ನು ಯೋಚಿಸಿದ ಪುಣ್ಯಾತ್ಮನಿಗೆ ನಮ್ಮ ಶಿವಣ್ಣನ ಪರಿಚಯ ಇರಲಿಲ್ಲ. ಶಿವಣ್ಣ ಒಂದು ಗುಂಡಿಯ ಸಂದಿಗೆ ಮರದ ಚಕ್ಕೆ ಸಿಗಿಸಿ ಅದು ಸದಾ ಒತ್ತಿಕೊಂಡೇ ಇರುವಂತೆ ಮಾಡಿ, ಒಂದು ಕೈಯಲ್ಲಿ ಗುಂಡಿ, ಇನ್ನೊಂದರಲ್ಲಿ ತಗಡು ಎಂದು ತಬಲಾ ಬಾರಿಸಿದ ಹಾಗೆ ಕೆಲಸ ಮಾಡುತ್ತಾನೆ. ನಾನು ಶೆಡ್ಡಿನೊಳಕ್ಕೆ ಕಾಲಿಟ್ಟರೆ ಚಕ್ಕೆ ಜೇಬಿಗೆ, ಬೆನ್ನು ತಿರುಗಿಸಿದರೆ ಮತ್ತೆ ಸಂದಿಗೆ. ಒಮ್ಮೆ ಹಿಡಿದು ಗದರಿದಾಗ, "ಎರಡು ಕೈನೂ ಕಟ್ಟಾಕ್ಬಿಟ್ರೆ ಕೆಲ್ಸ ಯಾರ್ ಮಾಡ್ತಾರೆ ಮೇಡಂ?" ಎಂದು ನಕ್ಕ. ಮೂವತ್ತೈದರ ಗಟ್ಟಿ ಆಳು, ಒಳ್ಳೆಯ ಕೆಲಸಗಾರ. ಮೊನ್ನೆ ಮಗಳ ನಾಮಕರಣಕ್ಕೆ ನಮ್ಮನ್ನೆಲ್ಲ ಕರೆದು ಹೋಳಿಗೆ ಬಡಿಸಿದ. ಎಲೆಯ ಮೇಲೆ ಹೋಳಿಗೆ ಇಡುವ ಆ ಬೆರಳುಗಳನ್ನೇ ನೋಡುತ್ತಾ ಕೂತ ನನಗೆ ತುತ್ತು ಇಳಿಯಲಿಲ್ಲ. ಹಾಗೆಂದು ಬಿಟ್ಟೇನೂ ಏಳಲಿಲ್ಲ, ಎರಡು ತಿಂದೆ. ಆದರೆ ಸುಖವಾಗಿ ತಿನ್ನಲಿಲ್ಲ.

ಸುರಕ್ಷತಾ ಸಪ್ತಾಹ ಹತ್ತಿರ ಬಂತು. ಪ್ರತಿ ವರ್ಷ ನಾವು ತೋರಿಸುವ ಚಿತ್ರದಲ್ಲಿ ಟೈ ಕಟ್ಟಿದವರೊಬ್ಬರು ಬಂದು ಸುರಕ್ಷತೆಯ ಮಹತ್ವ ಹೇಳುತ್ತಾರೆ. ನಮ್ಮ ಜನ ಅದನ್ನು ನೋಡಿ ನೋಡಿ ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದಾರೆ. ಈ ಸಲ ಕಾರ್ಖಾನೆಯ ಯಜಮಾನರು, ಚಿಕ್ಕಂದಿನಲ್ಲಿ ನೋಡುತ್ತಿದ್ದೆವಲ್ಲ, ಕಪ್ಪುಬಿಳುಪಿನ ಹಳೇ ಕಾರ್ಟೂನು, ಕೈಕಾಲೆಲ್ಲ ರಬ್ಬರ್ ಪೈಪಿನ ಹಾಗೆ ಬಳುಕುತ್ತಿತ್ತಲ್ಲ, ಅಂಥದ್ದೊಂದು ಮಾಡಿ; ಈಗೇನು, ಎಐಗೆ ಬಾಯಲ್ಲಿ ಹೇಳಿದರೆ ಸಾಕಂತೆ, ಅದೇ ಮಾಡಿಕೊಡುತ್ತದಂತೆ ಎಂದರು. ಬಾಯಲ್ಲಿ ಹೇಳುವ ಕೆಲಸವೆಂದರೆ ನಮ್ಮ ಯಜಮಾನರಿಗೆ ನನ್ನ ನೆನಪೇ ಆಗುವುದು. ನಾನೂ ಒಪ್ಪಿದೆ. ನಗಿಸಿಯಾದರೂ ಶಿವಣ್ಣನ ತಲೆಯೊಳಕ್ಕೆ ಒಂದು ಮಾತು ಇಳಿಸಬಹುದೆಂಬ ಆಸೆ ನನಗಿತ್ತು.

ಮೊದಲ ದಿನ ಬಲು ಮರ್ಯಾದೆಯಿಂದ ಬರೆದೆ. ದಯವಿಟ್ಟು ಹಳೇ ಕಾಲದ ಕಾರ್ಟೂನಿನಂತೆ ಒಂದು ಕಾರ್ಖಾನೆ ತೋರಿಸಿ, ಅದರಲ್ಲಿ ಒಬ್ಬ ಮೀಸೆಯ ಕೆಲಸಗಾರ, ಎದುರಿಗೆ ಭಯಂಕರವಾದ ಪ್ರೆಸ್ ಯಂತ್ರ. ನಮ್ಮ ಮನೆಯವರು ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದವರು; ನನ್ನ ಹೆಗಲ ಮೇಲಿನಿಂದ ಇಣುಕಿ, ವಿಷಯ ಮತ್ತು ಉಲ್ಲೇಖ ಹಾಕಿಲ್ಲವಲ್ಲ ಎಂದರು. ಉಲ್ಲೇಖವಿಲ್ಲದೆಯೇ ಉತ್ತರ ಬಂತು. ಎಂಥ ಅದ್ಭುತ ಕಲ್ಪನೆ ನಿಮ್ಮದು ಎಂದು ಹೊಗಳಿ, ಎಂಟು ಸೆಕೆಂಡಿನ ಚಿತ್ರ ಕೊಟ್ಟಿತು. ನೋಡಿದರೆ ಆ ಭಯಂಕರ ಪ್ರೆಸ್ಸಿಗೆ ಎರಡು ದುಂಡು ಕಣ್ಣು, ಕಣ್ಣಿಗೆ ರೆಪ್ಪೆ, ಕೆಳಗೆ ತುಂಬು ನಗೆ. ಧಡ್ ಎಂದು ಬೀಳುವ ಬದಲು ಸೊಂಟ ತಿರುಗಿಸಿ ಕುಣಿಯುತ್ತಿದೆ. ಅದರ ತಾಳಕ್ಕೆ ಚಿಮಣಿ ಕುಣಿಯುತ್ತಿದೆ, ಎಣ್ಣೆ ಡಬ್ಬಿ ಕುಣಿಯುತ್ತಿದೆ. ನನಗೇ ಅದರ ಕೆನ್ನೆ ಹಿಂಡಿ ಮುದ್ದು ಮಾಡುವಷ್ಟು ಪ್ರೀತಿ ಬಂತು. ಕಣ್ಣು ತೆಗೆಯಿರಿ ಎಂದು ಬರೆದೆ. ಖಂಡಿತ, ಒಳ್ಳೆಯ ಸಲಹೆ ಎಂದು ಒಪ್ಪಿಕೊಂಡು ಕಣ್ಣಿಗೆ ಕನ್ನಡಕ ಹಾಕಿ ಕಳಿಸಿತು. ಬೆಲ್ಲ ಬೇಡ ಎಂದರೆ ಬೆಲ್ಲವೇ ನೆನಪಾಗುವ ಜಾತಿ ಅದು. ಎರಡನೆಯ ತುಣುಕಿನಲ್ಲಿ ಮೀಸೆಯವನ ಮೀಸೆ ಹೋಯಿತು, ಮೂರನೆಯದರಲ್ಲಿ ಅವನೇ ಹೋಗಿ ಟೋಪಿಯ ಕರಡಿಯೊಂದು ಬಂತು. ನಾಲ್ಕನೆಯದನ್ನು ಕೇಳಿದರೆ, ಇವತ್ತಿನ ಪಾಲು ಮುಗಿಯಿತು, ನಾಳೆ ಬನ್ನಿ ಎಂದಿತು. ಸೀಮೆಎಣ್ಣೆಗೆ ಕ್ಯಾನು ಹಿಡಿದು ನಿಂತು ಬರಿಗೈಯಲ್ಲಿ ಬಂದ ದಿನಗಳ ಸಿಟ್ಟೆಲ್ಲ ಒಟ್ಟಿಗೆ ನೆನಪಾಯಿತು.

ಹೀಗೆ ಒಂದು ವಾರ ಕಳೆದ ಮೇಲೆ ಗಮನಿಸಿದೆ, ಆ ಕೆಲಸಗಾರನ ಕೈಗೆ ನಾಲ್ಕೇ ಬೆರಳು. ಬಿಳಿಯ ಉಬ್ಬಿದ ಗವಸು, ಒಂದು ಹೆಬ್ಬೆಟ್ಟು, ಮೂರು ಬೆರಳು, ಅಷ್ಟೇ. ವಿಚಾರಿಸಿದಾಗ, ಹಳೇ ಕಾರ್ಟೂನುಗಳಲ್ಲಿ ಹಾಗೆಯೇ, ಬರೆಯುವವರ ಶ್ರಮ ಉಳಿಯಲೆಂದು ಒಂದು ಬೆರಳು ಬಿಟ್ಟುಬಿಡುತ್ತಿದ್ದರು ಎಂದು ತಿಳಿಯಿತು. ಮಕ್ಕಳಿಗೆ ತೋರಿಸುವುದಾದರೆ ಸರಿ. ನಾನು ತೋರಿಸಬೇಕಾದದ್ದು ಪ್ರೆಸ್ ಶೆಡ್ಡಿನಲ್ಲಿ. ಅಲ್ಲಿ ನಾಲ್ಕು ಬೆರಳಿಗೆ ಒಂದೇ ಅರ್ಥ. ಅದಕ್ಕಿಂತ ದೊಡ್ಡ ಸಂಕಟವೆಂದರೆ ನಮ್ಮ ಮೇಸ್ತ್ರಿ ಮುನಿಯಪ್ಪನವರು. ಪೀಣ್ಯದ ಹಳೇ ಊರಿನವರು. ಅವರ ತಂದೆ ರಾಗಿ ಬೆಳೆದ ಹೊಲದ ಮೇಲೇ ಈಗ ನಾಲ್ಕೈದು ಶೆಡ್ಡುಗಳಿವೆ. ಅವರ ಎಡಗೈಯಲ್ಲಿ ಕಿರುಬೆರಳಿಲ್ಲ. ನಮ್ಮಲ್ಲಿಗೆ ಬರುವ ಮೊದಲು ಬೇರೆಲ್ಲೋ ಹೋದದ್ದು. ಅದರ ಬಗ್ಗೆ ಅವರು ಯಾರೊಂದಿಗೂ ಆಡಿದವರಲ್ಲ, ಯಾರೂ ಕೇಳಿದವರಲ್ಲ. ಎಡಗೈ ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ. ಕಾಫಿ ಲೋಟ ಬಲಗೈಯಲ್ಲಿ, ಬೈಗುಳ ಬಾಯಲ್ಲಿ. ಅವರೆದುರಿಗೆ ನಾಲ್ಕು ಬೆರಳಿನವನನ್ನು ಕುಣಿಸಿದರೆ ಮನುಷ್ಯನನ್ನು ಮೂದಲಿಸಿದ ಹಾಗಾಗುವುದಿಲ್ಲವೇ? ಐದು ಬೆರಳು ಕೊಡಿ ಎಂದು ಬರೆದೆ. ಒಂದು ಕೈಗೆ ಆರು, ಇನ್ನೊಂದಕ್ಕೆ ನಾಲ್ಕು ಕೊಟ್ಟಿತು. ಸರಾಸರಿ ತೆಗೆದರೆ ಐದೇ, ಲೆಕ್ಕ ಸರಿಯಾಗಿದೆ ಎಂದರು ನಮ್ಮ ಮನೆಯವರು.

ಇನ್ನು ಮುಖ್ಯ ದೃಶ್ಯ. ಚಕ್ಕೆ ಸಿಗಿಸಿದವನ ಕೈ ಅಚ್ಚಿನ ಅಡಿಗೆ ಹೋಗಬೇಕು, ಅಚ್ಚು ಬೀಳಬೇಕು. ಬೆರಳು ತುಂಡಾಗುವುದನ್ನು ಕೇಳಿದೆ. ಗಾಯ ತೋರಿಸುವಂತಿಲ್ಲ, ಬದಲಿಗೆ ಕಾಮನಬಿಲ್ಲು ತೋರಿಸಲೇ ಎಂದಿತು. ರಕ್ತ ಬೇಡ, ಕೈ ಹಪ್ಪಳವಾಗಲಿ ಎಂದೆ. ಹಪ್ಪಳವೇನೋ ಸೊಗಸಾಗಿ ಆಯಿತು. ಮರುಕ್ಷಣ ಅವನು ಹೆಬ್ಬೆಟ್ಟನ್ನು ಬಾಯಿಗಿಟ್ಟು ಉಫ್ ಎಂದು ಊದಿದ. ಕೈ ಬಲೂನಿನಂತೆ ಉಬ್ಬಿ ಮೊದಲಿನ ಹಾಗಾಯಿತು. ನಕ್ಕ, ಕಣ್ಣು ಹೊಡೆದ, ಮತ್ತೆ ಕೆಲಸಕ್ಕೆ ನಿಂತ. ಊದಬಾರದು ಎಂದು ಬರೆದೆ. ಎರಡು ಸಲ ಊದಿದ. ಕೈ ಹಾಗೇ ಇರಲಿ ಎಂದು ಬರೆದೆ. ಯಂತ್ರವೇ ಬಗ್ಗಿ ಊದಿಕೊಟ್ಟಿತು. ಆ ಲೋಕದಲ್ಲಿ ಯಾರಿಗೂ ಏನೂ ಆಗುವುದೇ ಇಲ್ಲ. ಬಂಡೆ ಬಿದ್ದರೂ ಏಳುತ್ತಾರೆ, ಪ್ರಪಾತಕ್ಕೆ ಬಿದ್ದರೂ ಏಳುತ್ತಾರೆ. ಅಂಥಲ್ಲಿಂದ ನಾನು ಒಂದೇ ಒಂದು ಕಿರುಬೆರಳಿನ ನಷ್ಟ ಕೇಳುತ್ತಿದ್ದೆ, ಅದು ನಗುನಗುತ್ತಲೇ ಕೊಡುವುದಿಲ್ಲ ಎನ್ನುತ್ತಿತ್ತು. ಹದಿನೆಂಟನೆಯ ಸಲ ನಾನು ಬರೆದದ್ದನ್ನು ಇಲ್ಲಿ ಹೇಳುವಂತಿಲ್ಲ. ಅದಕ್ಕೂ ಅದು, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ ಎಂದಿತು. ನಮ್ಮ ಅತ್ತೆಯೂ ಹೀಗೇ ಅನ್ನುತ್ತಿದ್ದರು.

ಕೊನೆಗೆ ನಾನೇ ಕತ್ತರಿ ಹಿಡಿದೆ. ಕೈ ಹಪ್ಪಳವಾದಲ್ಲಿಗೆ ತುಣುಕನ್ನು ಕತ್ತರಿಸಿ, ಎರಡೂ ಕೈಯಿಂದ ಗುಂಡಿ ಒತ್ತಿ ಎಂಬ ಅಕ್ಷರ ಹಾಕಿ ಮುಗಿಸಿದೆ. ಬೆರಳು ನಾಲ್ಕೇ ಉಳಿದವು; ದೂರದಿಂದ ಯಾರು ಎಣಿಸುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಕಡತಕ್ಕೆ 'ಫೈನಲ್' ಎಂದು ಹೆಸರಿಟ್ಟೆ. ಕಂಪ್ಯೂಟರಿನಲ್ಲಿ ಆಗಲೇ ಒಂದು 'ಫೈನಲ್', ಒಂದು 'ಫೈನಲ್ ಕೊನೆ', ಒಂದು 'ಇದೇ ಫೈನಲ್' ಇದ್ದವು.

ಪ್ರದರ್ಶನದ ದಿನ ಕ್ಯಾಂಟೀನಿನ ಗೋಡೆಗೆ ಬಿಳಿ ಪಂಚೆ ಕಟ್ಟಿ ಎಲ್ಲರನ್ನೂ ಕೂರಿಸಿದೆವು. ನಾನು ಒತ್ತಿದ್ದು ಯಾವ ಫೈನಲ್ ಎಂದು ನೀವು ಊಹಿಸಿರುತ್ತೀರಿ. ಅಚ್ಚು ಬಿತ್ತು, ಕೈ ಹಪ್ಪಳವಾಯಿತು, ಮೀಸೆಯವನು ಊದಿದ, ಕೈ ಉಬ್ಬಿತು. ಕ್ಯಾಂಟೀನು ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ಶಿವಣ್ಣ. ಸೂಪರ್ ಮೇಡಂ, ಗಾಳಿ ಹೊಡ್ಕೊಂಡ್ರೆ ಆಯ್ತು ಎಂದು ತನ್ನ ಹೆಬ್ಬೆಟ್ಟನ್ನು ಬಾಯಿಗಿಟ್ಟು ಊದಿ ತೋರಿಸಿದ. ಪಕ್ಕದವರೂ ಊದಿದರು. ಮೂರು ವಾರ ಒದ್ದಾಡಿ ನಾನು ಇಡೀ ಕಾರ್ಖಾನೆಗೆ ಕಲಿಸಿದ್ದು ಇದು. ನಿಲ್ಲಿಸೋಣವೆಂದರೆ ಯಾವ ಗುಂಡಿ ಒತ್ತಬೇಕೋ ತೋಚದೆ ಬೆವರುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ಮೇಸ್ತ್ರಿಗಳು, ಆ ಕೈದು ಇನ್ನೊಂದ್ಸಲ ಹಾಕಿ ಮೇಡಂ ಎಂದರು. ಸತ್ತೆ ಎಂದುಕೊಂಡು ಹಾಕಿದೆ. ಕೈ ಉಬ್ಬಿ ನಿಂತಲ್ಲಿಗೆ ನಿಲ್ಲಿಸಿ ಎಂದರು. ಎದ್ದು ಪಂಚೆಯ ಹತ್ತಿರ ಹೋದರು. ಜೇಬಿನಿಂದ ಎಡಗೈ ತೆಗೆದು, ಗವಸಿನ ಆ ದೊಡ್ಡ ಕೈಯ ಪಕ್ಕಕ್ಕೆ ಹಿಡಿದರು. ಎರಡೂ ಒಂದೇ ಥರ ಇದ್ದವು. ನಗು ಒಂದೊಂದೇ ಬೆಂಚಿನಿಂದ ಇಳಿಯುತ್ತಾ ಬಂತು.

"ಇವ್ನಿಗೆ ಊದುದ್ರೆ ಬತ್ತದೆ," ಎಂದರು, ಬೈಯುವಾಗಿನ ದನಿಯಲ್ಲಲ್ಲ. "ನಾನೂ ಊದ್ದೆ ಕಣ್ಲಾ ಶಿವಣ್ಣ. ಉರಿ ಅಂತ. ಆಟೋನಾಗೆ ಕೂತ್ಕಂಡು ಆಸ್ಪತ್ರೆ ಗಂಟ ಊದ್ತಾನೇ ಇದ್ದೆ. ಬೆರಳು ಇನ್ನೊಬ್ಬನ ಕರ್ಚೀಪಿನಾಗಿತ್ತು."

ಶಿವಣ್ಣನ ಹೆಬ್ಬೆಟ್ಟು ಇನ್ನೂ ತುಟಿಯ ಹತ್ತಿರವೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ಮೆಲ್ಲಗೆ ತೊಡೆಯ ಮೇಲಿಟ್ಟುಕೊಂಡ. ಚಕ್ಕೆ ಸಿಗಿಸಿದ್ರಾ ಮೇಸ್ತ್ರಿ ಎಂದು ಸಣ್ಣಗೆ ಕೇಳಿದ. ಮೇಸ್ತ್ರಿಗಳು, ಇಲ್ಲ, ಬೀಡಿ ಬೆಂಕಿಪೊಟ್ಟಣ ಸಿಗಿಸಿದ್ದೆ ಎಂದರು. ಕೈಯನ್ನು ಜೇಬಿಗೆ ಹಾಕಿಕೊಳ್ಳದೆಯೇ ಹೋಗಿ ಕೂತರು.

ಸಂಜೆ ನಾನು ಕ್ಯಾಂಟೀನಿನಿಂದ ಬರುವಷ್ಟರಲ್ಲಿ ನನ್ನ ಮೇಜಿನ ಮೇಲೆ ಶಿವಣ್ಣನ ಚಕ್ಕೆ ಇತ್ತು. ಅದರ ಪಕ್ಕದಲ್ಲಿ ಮಡಿಸಿದ ರಬ್ಬರ್ ತುಂಡೊಂದು, ಒಂದು ಹಳೇ ಬಾಚಣಿಗೆ, ಎರಡು ಬಿದಿರಿನ ಕಡ್ಡಿ. ನಾನು ಇಷ್ಟು ದಿನ ಒಬ್ಬನನ್ನು ಕಾಯುತ್ತಿದ್ದೆ. ಕಳ್ಳರು ಐದು ಜನ. ಯಜಮಾನರು ಬಂದು, ಎಐ ಅಂದರೆ ಇದು ನೋಡಿ, ಬೆಂಕಿ ಅನಾಹುತದ ಮೇಲೂ ಒಂದು ಮಾಡಿಬಿಡಿ ಎಂದು ಬೆನ್ನು ತಟ್ಟಿದಷ್ಟು ಮಾಡಿ ಹೋದರು. ಅದು ತಪ್ಪು ಕಡತವೆಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಮನೆಗೆ ಬಂದವಳೇ ದೋಸೆಗೆ ನೆನೆಹಾಕಿದ್ದನ್ನು ಗ್ರೈಂಡರಿಗೆ ಹಾಕಿ, ನಮ್ಮ ಮನೆಯವರಿಗೆ ನಡೆದದ್ದನ್ನೆಲ್ಲ ಹೇಳಲು ಶುರು ಮಾಡಿದೆ. ಮೇಸ್ತ್ರಿಗಳು ಎದ್ದು ನಿಂತದ್ದು, ಕೈ ಹಿಡಿದದ್ದು, ಎಲ್ಲ ಅಭಿನಯಿಸಿಯೇ ಹೇಳುತ್ತಿದ್ದೆ. ಇದ್ದಕ್ಕಿದ್ದಂತೆ ಗ್ರೈಂಡರ್ ನಿಂತುಹೋಯಿತು. ಕರೆಂಟು ಹೋಯಿತೆಂದು ತಿರುಗಿ ನೋಡಿದರೆ ದೀಪ ಉರಿಯುತ್ತಿದೆ, ನಮ್ಮ ಮನೆಯವರು ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿದ್ದಾರೆ. ಅವರ ಕಣ್ಣು ಹೋದ ಕಡೆ ನೋಡಿದೆ. ನನ್ನ ಬಲಗೈ ಮಣಿಕಟ್ಟಿನವರೆಗೆ ಗ್ರೈಂಡರಿನೊಳಗೆ, ಎರಡು ಕಲ್ಲುಗಳ ನಡುವೆ ಹಿಟ್ಟು ತಳ್ಳುತ್ತಾ ಇತ್ತು. ಮದುವೆಯಾದಾಗಿನಿಂದ ಹಾಗೆಯೇ ತಳ್ಳುತ್ತಿದ್ದೇನೆ; ಪ್ರತಿ ಸಲ ನಿಲ್ಲಿಸಿ ತಳ್ಳುತ್ತಾ ಕೂತರೆ ಮನೆಯಲ್ಲಿ ದೋಸೆ ಆದ ಹಾಗೆಯೇ. ಹಿಟ್ಟು ಇನ್ನೂ ನುಣ್ಣಗಾಗಿಲ್ಲ, ಸ್ವಿಚ್ ಹಾಕಿ ಎಂದೆ. ಅವರು ಮೊದಲು ಕೈ ತೆಗಿ ಎಂದರು. ನೀವು ಮೊದಲು ಸ್ವಿಚ್ ಹಾಕಿ, ಆಮೇಲೆ ತೆಗೀತೀನಿ ಎಂದು ನಾನು ಹಟ ಹಿಡಿದೆ. ಮಾರನೆಯ ದಿನ ದೋಸೆ ತರಿತರಿಯಾಗಿತ್ತು. ಯಾರನ್ನು ಬೈಯುವುದೆಂದು ತಿಳಿಯದೆ ಹೆಚ್ಚು ಚಟ್ನಿ ಹಾಕಿಕೊಂಡು ತಿಂದೆ.