ನಂಗಲಿಯ ಲಾರಿ ಮತ್ತು ನನ್ನ ಮೂಲಕಥೆ

ಈ ಬರಹದಲ್ಲಿ ಬರುವ ಲಾರಿ ನಿಜವಾಗಿ ಲಾರಿಯೇ ಆಗಿತ್ತೇ ಎಂಬ ಬಗ್ಗೆ ನನಗೆ ಈಗ ಅನುಮಾನವಿದೆ. ಅದರ ಬಣ್ಣ ಕೆಂಪು ಎಂದು ಒಂದು ಡೈರಿಯಲ್ಲಿ ಬರೆದಿದ್ದೇನೆ, ಹಸಿರು ಎಂದು ಇನ್ನೊಂದರಲ್ಲಿ. ಡೈರಿ ಬರೆಯುವವರ ನೆನಪು ಗಟ್ಟಿ ಎಂದು ಜನ ನಂಬುತ್ತಾರೆ. ನನ್ನ ಅನುಭವದಲ್ಲಿ ಡೈರಿ ಬರೆಯುವುದೆಂದರೆ ತಪ್ಪು ನೆನಪಿಗೆ ತಾರೀಖು ಹಾಕಿ ಅದನ್ನು ಗಟ್ಟಿ ಮಾಡುವುದು, ಅಷ್ಟೇ.

ನನಗೆ ಎರಡು ಹುಚ್ಚುಗಳಿವೆ: ಹೆವಿ ಮೆಟಲ್ ಸಂಗೀತ ಮತ್ತು ಸೂಪರ್‌ಹೀರೋ ಕಾಮಿಕ್ಸು. ಇವೆರಡೂ ನಲವತ್ತು ದಾಟಿದ, ಕೋಲಾರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವ, ಕಾಟನ್ ಸೀರೆಯ ಹೆಂಗಸಿಗೆ ಇರತಕ್ಕವಲ್ಲ. ಮುಳಬಾಗಿಲಿನಿಂದ ಬೆಳಗಿನ ಬಸ್ಸು ಹತ್ತಿ, ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ ಕೂತರೆ ಪಕ್ಕದವರು ನಾನು ಸಹಸ್ರನಾಮ ಕೇಳುತ್ತಿದ್ದೇನೆಂದು ಭಾವಿಸಿ ಕಾಲು ಮಡಚಿ ಜಾಗ ಬಿಡುತ್ತಾರೆ. ಒಳಗೆ ಯಾರೋ ನಾರ್ವೆಯವನು ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಈ ಗೌರವವನ್ನು ನಾನು ಇದುವರೆಗೆ ನಿರಾಕರಿಸಿಲ್ಲ.

ಅಭಿಮಾನಿ ಎಂದ ಮೇಲೆ ಅಭಿಪ್ರಾಯಗಳಿರಬೇಕು, ಅವು ಬೇರೆಯವರಿಗೆ ಸಹಿಸಲಾಗದಂತಿರಬೇಕು. ಹಾಡಿನ ಮಾತು ಅರ್ಥವಾಯಿತೆಂದರೆ ಅದು ಮೆಟಲ್ಲೇ ಅಲ್ಲ ಎಂಬುದು ನನ್ನ ಮತ. ಡೆತ್ ಮೆಟಲ್ಲಿನವರು ಬ್ಲ್ಯಾಕ್ ಮೆಟಲ್ಲಿನವರ ಮನೆಯಲ್ಲಿ ನೀರು ಮುಟ್ಟುವುದಿಲ್ಲ. ಥ್ರ್ಯಾಶ್‌ನವರು ಇಬ್ಬರನ್ನೂ ಪಂಕ್ತಿಗೆ ಸೇರಿಸುವುದಿಲ್ಲ. ಜಾತಿ, ಉಪಪಂಗಡಗಳನ್ನು ಖಂಡಿಸಿ ತರಗತಿಯಲ್ಲಿ ಮಾತಾಡಿ ಬಂದು, ಸಂಜೆ ಫೋನಿನಲ್ಲಿ ಇಂಥ ವ್ಯಾಜ್ಯ ತೀರ್ಮಾನಿಸುತ್ತೇನೆ. ಕಾಮಿಕ್ಸಿನ ವಿಷಯದಲ್ಲಂತೂ ನಾನು ಇನ್ನೂ ಮಡಿ. ನಾಯಕನಿಗೆ ಒಂದು ಮೂಲಕಥೆ ಇರುತ್ತದೆ: ಯಾವ ಗ್ರಹದಿಂದ ಬಿದ್ದ, ಯಾವ ಹುಳ ಕಚ್ಚಿತು, ಯಾವ ಪ್ರಯೋಗಶಾಲೆ ಸಿಡಿಯಿತು. ಅದನ್ನು ಒಮ್ಮೆ ಹೇಳಿದ ಮೇಲೆ ಬದಲಿಸಕೂಡದು. ಪ್ರಕಾಶಕರು ಹತ್ತು ವರ್ಷಕ್ಕೊಮ್ಮೆ, ‘ಅದು ಹುಳವಲ್ಲ, ಅವನ ತಾತನ ಶಾಪ’ ಎಂದು ತಿದ್ದಿದಾಗಲೆಲ್ಲ ನಾನು ಊಟ ಬಿಟ್ಟಿದ್ದೇನೆ.

ಇದನ್ನೆಲ್ಲ ಸಹಿಸಿಕೊಂಡಿರುವವರು ನಮ್ಮ ಚಿಕ್ಕಪ್ಪ. ಪೌರೋಹಿತ್ಯ ಅವರ ವೃತ್ತಿ. ನಮ್ಮ ಕಡೆ ಮೆಟಲ್ ಎಂದರೆ ರಸ್ತೆಗೆ ಹಾಕುವ ಜಲ್ಲಿ. ನನ್ನ ಅಭಿರುಚಿ ಮೊದಲ ಸಲ ಕಿವಿಗೆ ಬಿದ್ದಾಗ ಅವರು, “ಹೆವಿ ಮೆಟಲ್ ಅಂದ್ರೆ ನಲವತ್ತು ಎಂಎಂದಾ?” ಎಂದಿದ್ದರು. ಆದರೆ ಕಾಮಿಕ್ಸನ್ನು ಅವರು ಓದುತ್ತಾರೆ, ಅದೂ ನನಗಿಂತ ಗಂಭೀರವಾಗಿ. ಒಬ್ಬ ನಾಯಕ ಸತ್ತು, ಅದ್ದೂರಿಯಾಗಿ ಮಣ್ಣಾಗಿ, ಮೂರನೇ ಸಂಚಿಕೆಗೆ ಎದ್ದು ಬಂದಿದ್ದ. ನಾನು ವ್ಯಾಪಾರದ ಕುತಂತ್ರವೆಂದು ಸಿಟ್ಟಾದೆ. ಚಿಕ್ಕಪ್ಪನ ಚಿಂತೆ ಬೇರೆ. “ಕರ್ಮ ಆಗೋಗಿದೆಯಲ್ಲ ಪಾಪಾ! ಇವನಿಗೆ ಜಾತಕರ್ಮದಿಂದ ಎಲ್ಲಾ ಹೊಸದಾಗಿ ಆಗ್ಬೇಕು. ನಾಮಕರಣ, ಉಪನಯನ. ಆಮೇಲೆ ಅದೇ ಹೆಂಡ್ತಿಗೇ ಮತ್ತೆ ತಾಳಿ ಕಟ್ಬೇಕು. ಅದೇನೂ ಮಾಡ್ದೆ ನೆಟ್ಟಗೆ ಹಾರಾಡೋಕೆ ಹೊರಟವ್ನೆ!” ನಮ್ಮ ಕಡೆ ಪಾಪ ಎಂದರೆ ಪುಟ್ಟ ಹುಡುಗಿ. ಚಿಕ್ಕಪ್ಪನಿಗೆ ನಾನು ಇನ್ನೂ ಪಾಪ.

ಈಗ ಬಂದಿರುವ ತೊಂದರೆ ನನ್ನ ಸ್ವಂತ ಮೂಲಕಥೆಯದು. ನಾಳೆ ಕೋಲಾರದಲ್ಲಿ ಮೆಟಲ್ ಅಭಿಮಾನಿಗಳು ಸೇರುತ್ತಿದ್ದಾರೆ. ಮಾಲೂರು, ಶ್ರೀನಿವಾಸಪುರದಿಂದಲೂ ಕಪ್ಪು ಅಂಗಿಯವರು ಬರುತ್ತಾರೆ. ಹಿರಿಯಳೆಂದು ನನ್ನಿಂದಲೇ ಆರಂಭ. ಮೆಟಲ್ಲನ್ನು ಮೊದಲು ಕೇಳಿದ್ದು ಎಲ್ಲಿ ಎಂದು ಹೇಳಬೇಕು. ಅವರಿಗದು ಬಾಯಿಪಾಠ. ಅದಕ್ಕೇ ನನ್ನನ್ನು ‘ನಂಗಲಿ ಅಕ್ಕ’ ಎನ್ನುವುದು. ಸ್ಕೂಲಿಗೆ ಹೋಗುತ್ತಿದ್ದ ಕಾಲದಲ್ಲಿ ಚಿಕ್ಕಪ್ಪನ ಜೊತೆ ಯಾವುದೋ ಗೃಹಪ್ರವೇಶಕ್ಕೆ ನಂಗಲಿಗೆ ಹೋಗಿದ್ದೆ. ಹೆದ್ದಾರಿ ಪಕ್ಕ ಲಾರಿಯೊಂದು ನಿಂತಿತ್ತು, ಅದರೊಳಗೆ ಟೇಪು ಕೂಗುತ್ತಿತ್ತು, ನೆಲ ನಡುಗಿತು, ನಾನು ತಲೆ ಆಡಿಸಿದೆ, ಮತ್ತೆ ನಿಲ್ಲಿಸಲಿಲ್ಲ. ಆಂಧ್ರದ ಗಡಿಯಲ್ಲಿ ನಿಂತ ಲಾರಿಯಲ್ಲಿ ಅಂಥ ಸಂಗೀತ ಯಾಕಿತ್ತು ಎಂದು ಇಷ್ಟು ವರ್ಷ ಯಾರೂ ಕೇಳಿಲ್ಲ. ನಾನೂ ಕೇಳಿಕೊಂಡಿಲ್ಲ.

ಇವತ್ತು ಬೆಳಿಗ್ಗೆ ಮಾತನ್ನು ಒಮ್ಮೆ ಒಪ್ಪಿಸಿಕೊಳ್ಳೋಣವೆಂದು ಚಿಕ್ಕಪ್ಪನ ಮುಂದೆಯೇ ಶುರುಮಾಡಿದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು.

“ಗೃಹಪ್ರವೇಶ ಎಲ್ಲಿಂದ ಬಂತೇ? ಅದು ಗಂಗೆ ಪೂಜೆ. ಬೋರ್ ಹಾಕ್ಸೋಕೆ ಕರೆದಿದ್ರು.”

“ಮತ್ತೆ ಲಾರಿ?”

“ಬೋರ್‌ವೆಲ್ ಲಾರಿ ಕಣೇ! ನಾನು ಕಾಯಿ ಒಡೆದೆ, ಅವ್ರು ಗಾಡಿ ಸ್ಟಾರ್ಟ್ ಮಾಡಿದ್ರು. ಎಲ್ರೂ ಕಿವಿ ಮುಚ್ಕೊಂಡು ಓಡಿದ್ರೆ ನೀನು ಅಲ್ಲೇ ನಿಂತು ಜಡೆ ಬಿಚ್ಚೋ ಹಂಗೆ ತಲೆ ಆಡಿಸ್ತಿದ್ದೆ. ಜನ ಏನಂದ್ಕೊಂಡ್ರು ಗೊತ್ತಾ? ಗಂಗಮ್ಮನೇ ಮೈಮೇಲೆ ಬಂದ್ಳು ಅಂತ! ಒಬ್ಬಮ್ಮ ಕಾಲಿಗೆ ಬಿದ್ದು, ‘ಎನ್ನಿ ಅಡುಗುಲಕಿ ನೀಳ್ಳು ಪಡತಾಯಿ ತಲ್ಲೀ’ ಅಂತ ಕೇಳೇಬಿಟ್ಳು.”

ಎಷ್ಟು ಅಡಿಗೆ ನೀರು ಬೀಳುತ್ತದೆ ತಾಯಿ ಎಂದು ನನ್ನನ್ನು ಕೇಳಿದ್ದಾರೆ. ಇಂಥದ್ದನ್ನು ನಾನು ಮರೆತಿದ್ದೇನೆ!

“ನಾನೇನಂದೆ?”

“ಇನ್ನೂ ಜೋರಾಗಿ ಹಾಕಿ ಅಂದೆ.”

ಒಳಗಿನಿಂದ ಚಿಕ್ಕಮ್ಮ, “ಅದನ್ನ ಈಗ್ಲೂ ಹೇಳ್ತಾಳಲ್ಲ” ಎಂದರು.

ನಾಯಕರ ಮೂಲಕಥೆ ತಿದ್ದಿದವರಿಗೆ ಉದ್ದುದ್ದ ಪತ್ರ ಬರೆದವಳು ನಾನು. ಈಗ ನನ್ನದನ್ನೇ ಎಲೆ ಅಡಿಕೆ ಹಾಕಿಕೊಳ್ಳುತ್ತಾ ತಿದ್ದಿದ್ದಾರೆ. ಚಿಕ್ಕಪ್ಪ ಹೇಳಿದ್ದು ನಿಜವಾದರೆ ನಾನು ಮೆಟಲ್ ಅಭಿಮಾನಿಯೇ ಅಲ್ಲ, ಬೋರ್‌ವೆಲ್ ಅಭಿಮಾನಿ. ಇಷ್ಟು ವರ್ಷ ನಾರ್ವೆಯಲ್ಲಿ ಹುಡುಕಿದ್ದು ಊರಿನ ಯಾವ ಹೊಲದಲ್ಲಾದರೂ ಸಿಗುತ್ತಿತ್ತು. ನಮ್ಮ ಜಿಲ್ಲೆಯಲ್ಲಿ ಅದಕ್ಕೇನು ಬರವೇ? ಆದರೆ ಚಿಕ್ಕಪ್ಪನ ನೆನಪನ್ನೂ ನಂಬುವುದು ಹೇಗೆ? ನನ್ನ ತಂಗಿಯ ಮದುವೆಗೆ ತಾವೇ ಮಂತ್ರ ಹೇಳಿದ್ದರೂ, ಯಾವ ಊರಿನ ಛತ್ರವೆಂದು ಕೇಳಿದರೆ ಮಾಸ್ತಿ ಎನ್ನುತ್ತಾರೆ. ಮದುವೆಯಾಗಿದ್ದು ಮಾಲೂರಿನಲ್ಲಿ.

ಅರ್ಥಶಾಸ್ತ್ರದವಳಲ್ಲವೇ, ಪರೀಕ್ಷೆ ಮಾಡೋಣ ಎಂದುಕೊಂಡೆ. ಫೋನಿನಲ್ಲಿ ನನ್ನ ಮೆಚ್ಚಿನ ಹಾಡಿನ ಒಂದು ತುಂಡು ಹಾಕಿದೆ. ಆಮೇಲೆ ಯಾರೋ ಪುಣ್ಯಾತ್ಮರು ಇಂಟರ್ನೆಟ್ಟಿಗೆ ಏರಿಸಿದ್ದ, ಬಂಡೆಗೆ ಬೋರ್ ಇಳಿಯುವ ಸದ್ದು. ಯಾವುದು ಯಾವುದೆಂದು ಹೇಳಲಿಲ್ಲ. ಚಿಕ್ಕಪ್ಪ ವೇದ ಕೇಳುವವರಂತೆ ಕಣ್ಣು ಮುಚ್ಚಿ ಎರಡನ್ನೂ ಕೇಳಿದರು. ಚಿಕ್ಕಮ್ಮ ಸೌಟು ಹಿಡಿದು ಬಂದು, “ಎರಡೂ ಆರಿಸ್ರಮ್ಮಾ, ಒಲೆ ಮೇಲೆ ಹಾಲಿದೆ, ಒಡೆದೋಗುತ್ತೆ” ಎಂದರು.

“ಇನ್ನೊಂದ್ಸಲ ಹಾಕು” ಎಂದರು ಚಿಕ್ಕಪ್ಪ.

ಹಾಕಿದೆ. ನಡುವೆ ಒಂದು ಕಡೆ ನನಗೇ ಗಲಿಬಿಲಿಯಾಗಿ, ಈಗ ಓಡುತ್ತಿರುವುದು ಹಾಡೋ ಬೋರೋ ಎಂದು ಪರದೆ ನೋಡಿಕೊಳ್ಳಬೇಕಾಯಿತು. ಇದನ್ನು ನಾಳೆ ಕೋಲಾರದಲ್ಲಿ ಹೇಳುವ ಧೈರ್ಯ ನನಗಿಲ್ಲ. ತಲೆ ಮಾತ್ರ ಎರಡಕ್ಕೂ ಆಡುತ್ತಿತ್ತು.

ಸದ್ದು ನಿಂತ ಮೇಲೆ ಕೇಳಿದೆ: “ಚಿಕ್ಕಪ್ಪಾ, ಆವತ್ತು ನಂಗಲೀಲಿ ಕೇಳಿದ್ದು ಇದ್ರಲ್ಲಿ ಯಾವ್ದು?”

ಅವರು ಕಣ್ಣು ಬಿಡದೆಯೇ, “ಇನ್ನೂ ಜೋರಾಗಿ ಹಾಕು” ಎಂದರು.