ಕೊಸರು ಕಂಡರೆ ಕಿರುಚುವ ತಕ್ಕಡಿ

ಓದಿದವರಿಗೆ ಒಂದು ರೋಗವಿದೆ. ಸುಮ್ಮನೆ ನಡೆದುಕೊಂಡು ಹೋಗುತ್ತಿರುವ ಯಾವುದನ್ನೂ ಅವರು ಸುಮ್ಮನೆ ನಡೆಯಲು ಬಿಡಲಾರರು. ಹರಿಯುವ ನೀರಿಗೆ ಕಟ್ಟೆ ಕಟ್ಟಿ, ಅದರ ಮೇಲೆ ನಿಂತು, ನೀರು ಯಾಕೆ ನಿಂತಿತು ಎಂದು ವರದಿ ಬರೆಯುವ ಜಾತಿ ನಮ್ಮದು. ನನಗೂ ಈ ರೋಗವಿದೆ ಎಂಬುದು ಮೂಡಿಗೆರೆಯ ಸಹಕಾರ ಸಂಘದ ಅಂಗಡಿಯಲ್ಲಿ ಕಾರ್ಯದರ್ಶಿಯಾಗಿ ಹತ್ತು ವರ್ಷ ಕಳೆಯುವವರೆಗೆ ಗೊತ್ತಾಗಿರಲಿಲ್ಲ. ನಾನು ಓದಿದ್ದು ಭೌತಶಾಸ್ತ್ರ. ಪರಮಾಣುವಿನ ತೂಕ ಕಲಿತವನು ಬೆಲ್ಲದ ತೂಕದ ಮುಂದೆ ಬಂದು ಕೂತದ್ದು ಹೇಗೆ ಎಂದು ಕೆಲವರು ಕೇಳುತ್ತಾರೆ. ಪರಮಾಣು ಸಂಬಳ ಕೊಡಲಿಲ್ಲ, ಬೆಲ್ಲ ಕೊಟ್ಟಿತು. ಅಷ್ಟೇ ಕಥೆ.

ಹೊಸ ಶತಮಾನ ಹುಟ್ಟಿ ಮೂರೋ ನಾಲ್ಕೋ ವರ್ಷವಾಗಿತ್ತು. ನಮ್ಮ ಅಂಗಡಿಗೆ ಕಂಪ್ಯೂಟರ್ ಬಿಲ್ಲಿಂಗ್ ಯಂತ್ರ ತರಬೇಕೆಂಬ ಮಾತು ಎದ್ದಿತು. ಆ ಮಾತು ಎತ್ತಿದ್ದು ಯಾರು? ನನ್ನ ನೆನಪು ಬಹಳ ಖಚಿತವಾಗಿ ಅಧ್ಯಕ್ಷರತ್ತ ಬೆರಳು ತೋರಿಸುತ್ತದೆ. ಅವರು ಮದುವೆಯೊಂದಕ್ಕೆ ಬೆಂಗಳೂರಿಗೆ ಹೋಗಿ, ಅಲ್ಲಿಯ ದೊಡ್ಡ ಅಂಗಡಿಯೊಂದರಲ್ಲಿ ಸೋಪು ಕೊಂಡು, ಆ ಬಿಲ್ಲನ್ನು ಜೇಬಿನಲ್ಲಿಟ್ಟುಕೊಂಡು ಬಂದು ಸಭೆಯಲ್ಲಿ ಬಿಚ್ಚಿ ತೋರಿಸಿದ ಚಿತ್ರ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆದರೆ ಆ ದಿನದ ನನ್ನ ಡೈರಿಯಲ್ಲಿ ಸೋಪೂ ಇಲ್ಲ, ಮದುವೆಯೂ ಇಲ್ಲ. ‘ಗಣಕೀಕರಣದ ಅಗತ್ಯದ ಬಗ್ಗೆ ಅರ್ಧ ಗಂಟೆ ಮಾತನಾಡಿದೆ. ಸದಸ್ಯರೆಲ್ಲ ತಲೆದೂಗಿದರು’ ಎಂದಿದೆ. ಊಟದ ನಂತರದ ಸಭೆ ಅದು. ಅವರು ತಲೆದೂಗಿದ್ದೋ, ತೂಕಡಿಸಿದ್ದೋ ಎಂಬ ಅನುಮಾನ ಈಗ ಬರುತ್ತದೆ. ಡೈರಿ ಬರೆಯುವಾಗ ಬಂದಿರಲಿಲ್ಲ.

ಯಂತ್ರ ಬಂತು. ಒಂದಲ್ಲ, ಒಂದು ಸಂಸಾರವೇ ಬಂತು. ಬಿಲ್ ಒತ್ತುವ ಪೆಟ್ಟಿಗೆ, ಬಿಲ್ ಉಗುಳುವ ಪ್ರಿಂಟರ್, ತಾನಾಗಿ ಬಾಯಿ ತೆರೆಯುವ ಗಲ್ಲಾಪೆಟ್ಟಿಗೆ, ಗಿರಾಕಿಯ ಕಡೆಗೆ ಮುಖ ಮಾಡಿ ಕೆಂಪು ಅಂಕಿ ತೋರಿಸುವ ಫಲಕ, ಇವೆಲ್ಲಕ್ಕೂ ಯಜಮಾನನಂತೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ. ಎಲ್ಲವನ್ನೂ ವೈರಿನಿಂದ ಒಂದಕ್ಕೊಂದು ಗಂಟು ಹಾಕಿದ ಇಂಜಿನಿಯರು, ‘ಸಾರ್, ಇದರಲ್ಲಿ ಕಳ್ಳತನ ಮಾಡೋಕೆ ಚಾನ್ಸೇ ಇಲ್ಲ’ ಎಂದ. ತಕ್ಕಡಿ ಎಷ್ಟು ತೂಗಿತೋ ಅಷ್ಟಕ್ಕೇ ಬಿಲ್. ಬಿಲ್ ಬಂದ ಮೇಲೆ ತಟ್ಟೆಗೆ ಒಂದು ಹಿಡಿ ಹೆಚ್ಚು ಬಿದ್ದರೂ ಅದು ಕಿರುಚುತ್ತದೆ, ಗಲ್ಲಾಪೆಟ್ಟಿಗೆ ಬಾಯಿ ಬಿಗಿದುಕೊಳ್ಳುತ್ತದೆ. ಮೇಲ್ವಿಚಾರಕ ಬಂದು ತನ್ನ ಬೀಗದ ಕೈ ತಿರುಗಿಸಿದರೆ ಮಾತ್ರ ಬಿಡುಗಡೆ. ‘ಇದನ್ನು ಬೇಡ ಅಂದ್ರೆ ತೆಗೀಬಹುದಾ?’ ಎಂದು ಕೇಳಿದೆ. ‘ಆಗಲ್ಲ ಸಾರ್, ಅದು ಫರ್ಮ್‌ವೇರಲ್ಲಿದೆ’ ಎಂದ. ನಾನು ಗಂಭೀರವಾಗಿ ‘ಓಹೋ’ ಎಂದೆ. ಫರ್ಮ್‌ವೇರ್ ಎಂದರೇನೆಂದು ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡೆ: ಯಂತ್ರ ಹುಟ್ಟುವಾಗಲೇ ಅದರ ಚಿಪ್ಪಿನೊಳಗೆ ಬರೆದು ಕಳಿಸಿದ ಹಣೆಬರಹ. ಇಂಜಿನಿಯರು ಆ ಚಿಕ್ಕ ಬೀಗದ ಕೈಯನ್ನು ದಾರಕ್ಕೆ ಪೋಣಿಸಿ ನನ್ನ ಕೈಗಿತ್ತ. ನಾನದನ್ನು ಕೊರಳಿಗೆ ಹಾಕಿಕೊಂಡೆ. ಮನೆಗೆ ಹೋದಾಗ ಹೆಂಡತಿ, ‘ಇದೆಂಥದು, ಯಾವ ಹರಕೆ?’ ಎಂದಳು.

ಇನ್ನು ಮಂಜಪ್ಪನವರ ವಿಷಯ. ನಮ್ಮ ಅಂಗಡಿಯ ತೂಕದ ಕಟ್ಟೆಯಲ್ಲಿ ಮೂವತ್ತು ವರ್ಷದಿಂದ ನಿಂತವರು. ನಿವೃತ್ತಿಗೆ ಎಂಟು ತಿಂಗಳು ಬಾಕಿ. ಕಬ್ಬಿಣದ ಬಟ್ಟು, ತೂಗು ತಕ್ಕಡಿ, ಅವರ ಬಲಗೈ, ಈ ಮೂರರಲ್ಲಿ ಯಾವುದು ಎಲ್ಲಿ ಮುಗಿದು ಯಾವುದು ಎಲ್ಲಿ ಶುರುವಾಗುತ್ತದೆಂದು ಹೇಳಲಾಗುತ್ತಿರಲಿಲ್ಲ. ತಕ್ಕಡಿ ಸಮ ನಿಂತ ಮೇಲೆ ಅವರು ಒಂದು ಕ್ಷಣ ತಡೆದು, ಗಿರಾಕಿಯ ಮುಖ ನೋಡಿ, ಒಂದು ಹಿಡಿ ಮೇಲಕ್ಕೆ ಹಾಕುತ್ತಿದ್ದರು. ಅದೇ ಕೊಸರು. ಮಕ್ಕಳೊಂದಿಗರಿಗೆ ದೊಡ್ಡ ಹಿಡಿ, ಜಗಳಗಂಟರಿಗೆ ಮೂರು ಬೆರಳಿನ ಚಿಟಿಕೆ, ಬಾಣಂತಿ ಇರುವ ಮನೆಗೆ ಬೆಲ್ಲದ ಒಂದು ಹೆಚ್ಚಿನ ಚೂರು. ಬಾಳೂರು, ಜಾವಳಿ ಕಡೆಯಿಂದ ಜೀಪಿನಲ್ಲಿ ಬರುವವರು ದಾರಿಯಲ್ಲಿ ನಾಲ್ಕು ಅಂಗಡಿ ದಾಟಿ ನಮ್ಮಲ್ಲಿಗೆ ಬರುತ್ತಿದ್ದುದು ಸಹಕಾರ ತತ್ವದ ಮೇಲಿನ ಪ್ರೀತಿಯಿಂದಲ್ಲ, ಆ ಹಿಡಿಯ ಮೇಲಿನ ಪ್ರೀತಿಯಿಂದ. ಇದು ನನಗೆ ಗೊತ್ತಿತ್ತೇ? ಗೊತ್ತಿತ್ತು ಎಂದೇ ನೆನಪು. ಆದರೆ ಗೊತ್ತಿದ್ದೂ ಆ ಯಂತ್ರ ತಂದೆ ಎನ್ನುವುದಕ್ಕಿಂತ ಗೊತ್ತಿರಲಿಲ್ಲ ಎನ್ನುವುದು ಮರ್ಯಾದೆಗೆ ಒಳ್ಳೆಯದು.

ಮೊದಲ ಸಂತೆಯ ದಿನ. ಮಂಜಪ್ಪನವರು ಎರಡು ಕೆ.ಜಿ. ಸಕ್ಕರೆ ತೂಗಿದರು. ಯಂತ್ರ ಬಿಲ್ ಉಗುಳಿತು. ಕೈ ತನ್ನ ಪಾಡಿಗೆ ತಾನು ಹೋಗಿ ಒಂದು ಹಿಡಿ ಸಕ್ಕರೆ ಚೀಲಕ್ಕೆ ಹಾಕಿತು. ಕೀಂ! ಅಂಗಡಿಯಲ್ಲಿದ್ದವರೆಲ್ಲ ಬಾಗಿಲ ಕಡೆ ನೋಡಿದರು, ಆಂಬುಲೆನ್ಸ್ ಬಂತೋ ಎಂದು. ನಾನು ಒಳಕೋಣೆಯಿಂದ ಓಡಿ ಬಂದು, ಬಗ್ಗಿ, ಕೊರಳಿನಿಂದ ತೆಗೆಯಲು ಹೋಗಿ ದಾರ ಸಿಕ್ಕಿಹಾಕಿಕೊಂಡದ್ದರಿಂದ ಕೊರಳ ಸಮೇತ ಬೀಗದ ಕೈಯನ್ನು ಯಂತ್ರಕ್ಕೆ ಹಾಕಿ ತಿರುಗಿಸಿದೆ. ನೋಡಿದವರಿಗೆ ನಾನು ಯಂತ್ರಕ್ಕೆ ನಮಸ್ಕಾರ ಮಾಡಿದಂತೆ ಕಂಡಿರಬೇಕು. ಮುಂದಿನ ಗಿರಾಕಿ. ಮತ್ತೆ ಕೀಂ. ಮತ್ತೆ ನಮಸ್ಕಾರ. ಮಧ್ಯಾಹ್ನದ ಹೊತ್ತಿಗೆ ನಾನು ಓಡುವುದು ಬಿಟ್ಟು ಒಂದು ಸ್ಟೂಲ್ ತಂದು ಯಂತ್ರದ ಪಕ್ಕದಲ್ಲೇ ಕೂತೆ. ಬಾಳೂರಿನ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಸುಂದರ, ಕೆಲಸದಾಳುಗಳ ರೇಷನ್ನಿಗೆ ಬಂದವನು, ‘ಎಂಥ ಸಾರ್, ನಿಮ್ಗೆ ಪ್ರಮೋಷನ್ನಾ, ಡಿಮೋಷನ್ನಾ?’ ಎಂದು ಕೇಳಿದ.

ಸಂಜೆ ಮಂಜಪ್ಪನವರನ್ನು ಕರೆದು ಪಾಠ ಶುರುಮಾಡಿದೆ. ‘ನೋಡಿ, ಆ ಹಿಡೀನ ಬಿಲ್ಲಿಗಿಂತ ಮುಂಚೆನೇ ಹಾಕಿಬಿಡಿ.’

‘ಆಗ ಅದಕ್ಕೂ ದುಡ್ಡು ಬೀಳತ್ತಲ್ಲ ಸಾರ್. ದುಡ್ಡು ತಗೊಂಡು ಕೊಡೋದಕ್ಕೆ ಕೊಸರು ಅಂತಾರಾ?’

‘ಹಾಗಾದ್ರೆ ಚೀಲ ತಟ್ಟೆಯಿಂದ ಇಳಿಸಿದ ಮೇಲೆ ಹಾಕಿ. ಯಂತ್ರಕ್ಕೆ ಗೊತ್ತೇ ಆಗಲ್ಲ.’

ಮಂಜಪ್ಪನವರು ನನ್ನ ಮುಖ ನೋಡಿದರು. ಎಂ.ಎಸ್ಸಿ. ಎಂಬುದು ಯಾವ ಕಾಯಿಲೆಯ ಹೆಸರು ಎಂದು ಯೋಚಿಸುವಂತಿತ್ತು ಆ ನೋಟ. ‘ತಕ್ಕಡಿ ಮೇಲೆ ಬೀಳದೆ ಇದ್ದದ್ದು ಕೊಸರು ಹೆಂಗಾಗತ್ತೆ ಮಾರಾಯ್ರೆ? ಕೆಳಗೆ ಇಳಿಸಿ ಹಾಕಿದ್ರೆ ಅದು ಭಿಕ್ಷೆ. ತಗೊಳೋರು ಒಪ್ತಾರಾ? ಸರಿಯಾಗಿ ತೂಗಿದೀನಿ, ಅದರ ಮೇಲೆ ಹಾಕಿದೀನಿ ಅಂತ ಅವರ ಕಣ್ಣಿಗೆ ಕಾಣ್ಬೇಕು.’

ಕಾಣುವ ವಿಷಯದಲ್ಲಿ ಯಂತ್ರ ಕೊರತೆ ಮಾಡಲಿಲ್ಲ. ಅದರ ಕೆಂಪು ಫಲಕ ಮುಂದಿನ ವಾರ ಹೊಸ ರಾಮಾಯಣ ತೆಗೆಯಿತು. ಅಲ್ಲಿಯವರೆಗೆ ಕೊಸರಿಗೆ ತೂಕವೇ ಇರಲಿಲ್ಲ. ಈಗ ಪ್ರತಿ ಹಿಡಿಯೂ ಗ್ರಾಮಿನಲ್ಲಿ ಮಿಂಚತೊಡಗಿತು. ಮಲ್ಲಂದೂರಿನಿಂದ ಮಗಳ ಮನೆಗೆ ಬಂದುಹೋಗುತ್ತಿದ್ದ ಸೀತಮ್ಮನೆಂಬ ಹೆಂಗಸು ಸುಂದರನ ಹಿಂದೆ ನಿಂತಿದ್ದವರು, ಎರಡೂ ಅಂಕಿ ನೋಡಿದರು. ‘ಮಂಜಪ್ಪಣ್ಣ, ಅವ್ನಿಗೆ ನಲವತ್ತೊಂದು, ನನಗೆ ಇಪ್ಪತ್ತಾರಾ? ನಾನೆಂಥ ದ್ರೋಹ ಮಾಡಿದೀನಿ ನಿಮ್ಗೆ?’ ಎಂದರು. ‘ಅಯ್ಯೋ ಅಕ್ಕ, ಅವ್ನದು ಐದು ಕೆ.ಜಿ., ನಿಮ್ದು ಎರಡಲ್ವಾ’ ಎಂದು ಮಂಜಪ್ಪನವರು ಹೇಳಿದ್ದೇ ತಪ್ಪಾಯಿತು. ‘ಹಂಗಾದ್ರೆ ಲೆಕ್ಕಕ್ಕೆ ನಂಗೇ ಕಮ್ಮಿ ಬಂತಲ್ಲ, ಐದಕ್ಕೆ ನಲವತ್ತೊಂದು ಎಂಥ ಕರ್ಮ!’ ಎಂದು ಈಗ ಸುಂದರ ತಿರುಗಿಬಿದ್ದ. ನಾನು ಸ್ಟೂಲಿನಿಂದ ಎದ್ದು ಅನುಪಾತವನ್ನು ವಿವರಿಸಲು ಹೋದೆ. ‘ನೀವು ಸುಮ್ನೆ ಕೀ ತಿರುಗ್ಸಿ ಸಾರ್’ ಎಂದರು ಇಬ್ಬರೂ ಒಟ್ಟಿಗೆ. ಮೂವತ್ತು ವರ್ಷ ಯಾರಿಗೂ ಕಡಿಮೆಯಾಗದಿದ್ದ ಕೊಸರು, ಅಳೆಯಲು ಶುರುವಾದ ದಿನವೇ ಎಲ್ಲರಿಗೂ ಕಡಿಮೆಯಾಗಿಬಿಟ್ಟಿತ್ತು. ಇದಕ್ಕೆ ಭೌತಶಾಸ್ತ್ರದಲ್ಲಿ ಒಂದು ನಿಯಮವಿರಬೇಕು. ಇದ್ದರೆ ಆ ದಿನ ನಾನು ಕ್ಲಾಸಿಗೆ ಹೋಗಿರಲಿಲ್ಲ.

ತಿಂಗಳ ಕೊನೆಗೆ ಯಂತ್ರ ತಾನಾಗಿ ಒಂದು ಉದ್ದನೆಯ ಪಟ್ಟಿ ಅಚ್ಚು ಹಾಕಿತು. ಮೊಳಗಟ್ಟಲೆ ಕಾಗದ. ಯಾವ ದಿನ, ಯಾವ ಗಳಿಗೆ, ಯಾವ ನಂಬರಿನ ಕೆಲಸಗಾರ, ಎಷ್ಟು ಗ್ರಾಂ. ಮಂಜಪ್ಪನವರ ನಂಬರು ಒಂದು. ನಾನು ಅದನ್ನು ಫೈಲಿನಲ್ಲಿ ಹೂತಿಡಬಹುದಿತ್ತು. ಆದರೆ ಅಷ್ಟು ಚಂದದ ಪಟ್ಟಿಯನ್ನು ಯಾರಿಗೂ ತೋರಿಸದಿರುವುದು ಓದಿದವನ ಕೈಯಲ್ಲಿ ಆಗುವ ಕೆಲಸವಲ್ಲ. ಅಧ್ಯಕ್ಷರ ಮೇಜಿನ ಮೇಲೆ ಬಿಡಿಸಿಟ್ಟೆ.

ಅಧ್ಯಕ್ಷರು ದೊಡ್ಡ ತೋಟದವರು, ಜೊತೆಗೆ ಸಣ್ಣ ಬೆಳೆಗಾರರಿಂದ ಕಾಫಿ ಕೊಳ್ಳುವ ವ್ಯಾಪಾರವೂ ಇತ್ತು. ಪಟ್ಟಿ ನೋಡಿದವರೇ, ‘ಎಂಥದ್ರೀ ಇದು, ಹಗಲು ದರೋಡೆ! ಹಿಡಿ ಹಿಡಿಯಾಗಿ ಸಂಘಾನೇ ಖಾಲಿ ಮಾಡ್ತಿದಾನಲ್ಲ. ನೋಟೀಸ್ ಕೊಡಿ. ಕಮಿಟೀಲಿ ಇಟ್ಟು ಮನೆಗೆ ಕಳಿಸಾಣ’ ಎಂದು ಗುಡುಗಿದರು. ಅವರ ಗೋದಾಮಿನಲ್ಲಿ ಬಡಪಾಯಿಯೊಬ್ಬ ಹತ್ತು ಮೂಟೆ ಕಾಫಿ ತಂದರೆ ಪ್ರತಿ ಮೂಟೆಗೂ ಕೈಹಾಕಿ ಸ್ಯಾಂಪಲ್ ಎಂದು ಬೊಗಸೆ ತುಂಬ ತೆಗೆಯುವುದನ್ನೂ, ಆ ಸ್ಯಾಂಪಲ್ ಮೂಟೆಗೆ ಎಂದೂ ಮರಳದಿರುವುದನ್ನೂ ನಾನು ನೋಡಿದ್ದೆ. ಕೊಡುವ ಹಿಡಿಗೆ ಕಿರುಚುವ ಯಂತ್ರ ಬಂದಿತ್ತು. ತೆಗೆಯುವ ಹಿಡಿಗೆ ಕಿರುಚುವ ಯಂತ್ರವನ್ನು ಯಾರಾದರೂ ಮಾಡಿದ್ದರೆ ನಮ್ಮ ಬೆಟ್ಟಸೀಮೆಯಲ್ಲಿ ಒಬ್ಬರಿಗೂ ನಿದ್ದೆ ಬರುತ್ತಿರಲಿಲ್ಲ. ಈ ಮಾತನ್ನು ನಾನು ಅವರಿಗೆ ಹೇಳಿದೆನೇ? ಡೈರಿಯಲ್ಲಿ ಹೇಳಿದ್ದೇನೆ. ಅವರೆದುರು ‘ಸರಿ ಸಾರ್’ ಎಂದೆ.

ನೋಟೀಸು ನಾನೇ ಬರೆದೆ. ಚೆನ್ನಾಗಿಯೇ ಬರೆದೆ, ಅದು ಇನ್ನೂ ನಾಚಿಕೆಯ ವಿಷಯ. ‘ಸಂಘದ ಸ್ವತ್ತನ್ನು ಉದ್ದೇಶಪೂರ್ವಕವಾಗಿ’ ಎಂಬ ಕಡೆ ‘ಪದೇ ಪದೇ’ ಎಂದು ಸೇರಿಸಿ, ಲಯ ಕೂಡಿತು ಎಂದು ಸಂತೋಷಪಟ್ಟದ್ದು ನೆನಪಿದೆ. ಮಂಜಪ್ಪನವರು ಅದನ್ನು ಓದಿ, ಮಡಚಿ, ಜೇಬಿನಲ್ಲಿಟ್ಟುಕೊಂಡರು. ‘ಕಳ್ಳ ಅಂತ ಸೀದಾ ಬರೆದಿದ್ರೆ ಒಂದೇ ಸಾಲಲ್ಲಿ ಮುಗೀತಿತ್ತು ಸಾರ್, ಕಾಗದ ಉಳೀತಿತ್ತು’ ಎಂದರು. ‘ನಂಗೆ ಸಂಬಳ ಹೋದ್ರೆ ಹೋಗ್ಲಿ. ಮಗಳ ಮನೆಯೋರು ಇದೇ ಊರಿನೋರು. ತಕ್ಕಡೀಲಿ ಮೋಸ ಮಾಡಿದ ಅಂತ ಹೊರಗೆ ಹಾಕಿದ್ರು ಅಂದ್ರೆ ನಾಳೆ ನಾನು ಅವಳ ಜಗಲಿ ಹತ್ತೋದು ಹೆಂಗೆ?’ ನಾನು, ಇದು ನನ್ನ ನಿರ್ಧಾರವಲ್ಲ, ಯಂತ್ರ ಕೊಟ್ಟ ಮಾಹಿತಿ ಎಂದೆ. ಯಂತ್ರದ ಹಿಂದೆ ಅಡಗಿಕೊಳ್ಳಲು ಎಷ್ಟು ಜಾಗವಿರುತ್ತದೆ ಎಂದು ಅವತ್ತು ಗೊತ್ತಾಯಿತು.

ಸಮಿತಿ ಸೇರಿತು. ಏಳು ಮಂದಿ ಸದಸ್ಯರು, ಅಧ್ಯಕ್ಷರು, ನಾನು, ಮೇಜಿನ ಮೇಲೆ ಮಾಲೆಯಂತೆ ಬಿದ್ದಿದ್ದ ಆ ಪಟ್ಟಿ. ಅಧ್ಯಕ್ಷರು, ‘ಏನಾದ್ರೂ ಹೇಳೋದಿದ್ಯಾ ಮಂಜಪ್ಪ?’ ಎಂದರು.

‘ಹೇಳೋದಿಲ್ಲ ಗೌಡ್ರೆ, ಒಂದು ಕೇಳೋದಿದೆ. ನಂಗೆ ಇಂಗ್ಲಿಷ್ ಬರಲ್ಲ, ಅಂಕಿ ಬರತ್ತೆ. ಪ್ರತಿ ಸಾಲಲ್ಲೂ ಒಂದು ಅಂತ ಇರೋದು ನಾನೇ, ಒಪ್ಪಿದೆ. ಅದೇ ಸಾಲಿನ ಕೊನೇಲಿ ಒಂಬತ್ತು ಅಂತ ಇದೆಯಲ್ಲ, ಆ ಒಂಬತ್ತನೇ ಕಳ್ಳ ಯಾರು?’

ಕನ್ನಡಕಗಳೆಲ್ಲ ಒಟ್ಟಿಗೆ ಬಗ್ಗಿದವು. ಹೌದು, ಪ್ರತಿ ಸಾಲಿನ ಕೊನೆಗೂ ಒಂಬತ್ತು. ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದು ಪದ. ನಾನು ಆ ಪಟ್ಟಿಯನ್ನು ಹತ್ತು ಸಲ ನೋಡಿದ್ದೆ, ಒಂದು ಸಲವೂ ಕೊನೆಯವರೆಗೆ ನೋಡಿರಲಿಲ್ಲ.

‘ಯಾರ್ರೀ ಒಂಬತ್ತು?’ ಎಂದು ಅಧ್ಯಕ್ಷರು ನನ್ನತ್ತ ತಿರುಗಿದರು.

ಅದು ಮೇಲ್ವಿಚಾರಕನ ಬೀಗದ ಕೈಯ ನಂಬರು ಎಂದು ನಾನು ಯಂತ್ರದ ಒಳರಚನೆಯಿಂದ ಶುರುಮಾಡಿ ಬಹಳ ದೂರದಿಂದ ಬರತೊಡಗಿದೆ. ಹಿರಿಯ ಸದಸ್ಯರೊಬ್ಬರು ನಡುವೆ ಕೈಯೆತ್ತಿ ನಿಲ್ಲಿಸಿ, ‘ಆ ಪದ ಎಂಥದು, ಅದನ್ನ ಹೇಳಿ ಸಾಕು’ ಎಂದರು. ‘ಒಪ್ಪಿಗೆ’ ಎಂದೆ. ಪ್ರತಿ ಹಿಡಿಗೂ ನಾನು ಬಗ್ಗಿ ಬಗ್ಗಿ ಕೊಟ್ಟ ಒಪ್ಪಿಗೆ. ಯಂತ್ರದ ಕಣ್ಣಲ್ಲಿ ಮಂಜಪ್ಪನವರದು ಬರೀ ಕೈತಪ್ಪು. ಅದನ್ನು ತಿಂಗಳಿಡೀ ಮಂಜೂರು ಮಾಡಿದ ಮಹಾಶಯ ನಾನು. ಆ ಹಿರಿಯರು ಎಲೆಯಡಿಕೆ ಬಾಯಲ್ಲೇ ನಕ್ಕು, ‘ಹಂಗಾದ್ರೆ ಇನ್ನೊಂದು ನೋಟೀಸ್ ಬರೀರಿ ಮಾರಾಯ್ರೆ. ನಿಮಗೆ ನೀವೇ ಕೊಟ್ಕೊಳಿ, ಪೋಸ್ಟಿನ ಖರ್ಚೂ ಇಲ್ಲ’ ಎಂದರು. ನಗು ಇಡೀ ಮೇಜು ಸುತ್ತಿತು. ಅಧ್ಯಕ್ಷರು ಮಾತ್ರ ನಗಲಿಲ್ಲ. ಕಾರ್ಯದರ್ಶಿಗೆ ನೋಟೀಸು ಕೊಟ್ಟರೆ ಯಂತ್ರ ಕೊಂಡ ಕಡತವೂ ಮೇಜಿಗೆ ಬರುತ್ತದೆ, ಅದಕ್ಕೆ ಸಹಿ ಯಾರದೆಂದು ಅವರಿಗೆ ಗೊತ್ತಿತ್ತು. ‘ಹೋಗ್ಲಿ ಬಿಡಿ, ಆ ಕಿರುಚೋ ಚಿಪ್ಪು ಬದಲಾಯಿಸಿ’ ಎಂದು ಟೀ ತರಿಸಿದರು.

ಆ ದಿನದ ಡೈರಿಯಲ್ಲಿ, ‘ಮಂಜಪ್ಪನವರ ವಯಸ್ಸು ಮತ್ತು ಸೇವೆಯನ್ನು ಪರಿಗಣಿಸಿ, ಮಾನವೀಯ ದೃಷ್ಟಿಯಿಂದ ನೋಟೀಸನ್ನು ಹಿಂತೆಗೆದುಕೊಳ್ಳುವಂತೆ ಸಮಿತಿಯ ಮನವೊಲಿಸಿದೆ’ ಎಂದು ಬರೆದಿದ್ದೇನೆ. ಅಕ್ಷರಗಳು ದುಂಡಗಿವೆ. ಇನ್ನು ನೂರು ವರ್ಷದ ಮೇಲೆ ಯಾರಾದರೂ ಅದನ್ನು ಓದಿದರೆ ನನ್ನನ್ನು ಸಂತನೆಂದುಕೊಳ್ಳುವ ಅಪಾಯವಿದೆ.

ಇಂಜಿನಿಯರು ಬಂದು, ಹಳೆಯ ಚಿಪ್ಪು ಕಿತ್ತು ಹೊಸ ಹಣೆಬರಹ ಕೂರಿಸಿ ಹೋದ. ತಕ್ಕಡಿ ಬಾಯಿ ಮುಚ್ಚಿತು. ಫಲಕದ ಕೆಂಪು ಅಂಕಿಗೆ ಮಂಜಪ್ಪನವರು ತಾವೇ ಔಷಧಿ ಕಂಡುಕೊಂಡರು: ಬಿಲ್ ಬಂದ ಕೂಡಲೇ ಫಲಕದ ಮೇಲೆ ಒಂದು ಟವೆಲ್ ಹೊದಿಸಿಬಿಡುತ್ತಿದ್ದರು. ಸೀತಮ್ಮನೂ ಸುಂದರನೂ ಮತ್ತೆ ಮಾತಾಡುವಂತಾದರು.

ಅದಾಗಿ ಒಂದು ವಾರಕ್ಕೆ ಮನೆಯಲ್ಲಿ ಸಕ್ಕರೆ ಮುಗಿದು, ನಾನೂ ಸಾಲಿನಲ್ಲಿ ನಿಂತೆ. ನನ್ನ ಮುಂದಿನವರಿಗೆಲ್ಲ ಹಿಡಿ ಬೀಳುವುದನ್ನು ನೋಡುತ್ತ ನಿಂತೆ. ನನ್ನ ಸರದಿ ಬಂತು. ಮಂಜಪ್ಪನವರು ಬಹಳ ಮರ್ಯಾದೆಯಿಂದ ಚೀಲ ಇಸಿದುಕೊಂಡು ತಟ್ಟೆಯ ಮೇಲಿಟ್ಟರು. ಸಕ್ಕರೆ ಸುರಿದರು. ಫಲಕದಲ್ಲಿ ಒಂದು ಕೆ.ಜಿ. ಮೂರು ಗ್ರಾಂ ಎಂದು ಬಂತು. ಅವರು ಎರಡು ಬೆರಳಲ್ಲಿ ಒಂದು ಚಿಟಿಕೆ ವಾಪಸ್ ತೆಗೆದರು. ಸರಿಯಾಗಿ ಒಂದು ಕೆ.ಜಿ. ಬಿಲ್ ಹೊರಬಂತು. ಈ ಸಲ ಟವೆಲ್ ಹೊದಿಸಲಿಲ್ಲ.

‘ನೋಡ್ಕೊಳಿ ಸಾರ್, ಒಂದು ಗ್ರಾಂ ಆಚೆ ಈಚೆ ಇಲ್ಲ’ ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ನಾನು ಹಣ ಕೊಟ್ಟೆ, ಚಿಲ್ಲರೆ ಎಣಿಸಿಕೊಂಡೆ, ಚೀಲದ ಬಾಯಿಯನ್ನು ಮಾತ್ರ ಮುಚ್ಚದೆ ಇನ್ನೂ ಸ್ವಲ್ಪ ಹೊತ್ತು ಅಗಲಿಸಿಕೊಂಡೇ ನಿಂತಿದ್ದೆ. ಹಿಂದಿದ್ದ ಹೆಂಗಸು, ‘ಜರುಗಿ ಮಾರಾಯ್ರೆ, ನಿಮ್ದು ಆಯ್ತಲ್ಲ’ ಎಂದಳು.