ಫ್ರೆಂಚ್ ವಿಂಡೋ ಮುಂದಿನ ಆರಾಮಕುರ್ಚಿ

ನಮ್ಮ ಮನೆಯ ಪ್ರತಿಯೊಂದು ವಸ್ತುವನ್ನೂ ಆರಿಸಿದವಳು ನನ್ನ ಹೆಂಡತಿ. ಪರದೆಯ ಬಣ್ಣ ಅವಳದು, ಚಮಚದ ಉದ್ದ ಅವಳದು, ನನ್ನ ಚಪ್ಪಲಿಯ ಪಟ್ಟಿ ಕೂಡ ಅವಳದೇ ತೀರ್ಮಾನ. ಹೀಗಾಗಿ, ಬೀದಿ ಕಡೆಯ ಹಾಲ್‌ನಲ್ಲಿರುವ ಪುಟ್ಟ ಕಿಟಕಿಯನ್ನು ಕಿತ್ತು ದೊಡ್ಡದೊಂದನ್ನು ಕೂರಿಸುವ ಮಾತು ಬಂದಾಗ ನಾನು ಎದೆ ಸೆಟೆಸಿ ಘೋಷಿಸಿದೆ: "ಈ ಕಿಟಕಿ ನಾನೇ ಆರಿಸ್ತೀನಿ! ನಾನೊಬ್ಬನೇ!"

ಅವಳು ಹೊಲಿಗೆ ಮೆಷಿನ್‌ನಿಂದ ತಲೆ ಎತ್ತಲಿಲ್ಲ. ಒಳಕೋಣೆಯಲ್ಲಿ ಹಗಲು ಹೊತ್ತಲ್ಲೂ ದೀಪ ಹಾಕಿಕೊಂಡು ಊರವರ ಬಟ್ಟೆ ಹೊಲಿಯುವವಳು. ಹೊಸ ಕಿಟಕಿಯ ಬೆಳಕಿಗೆ ಮೆಷಿನ್ ಇಟ್ಟುಕೊಳ್ಳಬೇಕೆಂಬುದು ಅವಳ ಆಸೆ. ಅದೇ ಜಾಗದಲ್ಲಿ ಆರಾಮಕುರ್ಚಿ ಹಾಕಿ, ಕಾಲ ಮೇಲೆ ಕಾಲು ಹಾಕಿ, ಪೇಪರ್ ಓದುತ್ತಾ ಬೀದಿಗೆ ದರ್ಶನ ಕೊಡಬೇಕೆಂಬುದು ನನ್ನ ಆಸೆ. ಇರುವುದೋ ಒಂದೇ ಜಾಗ.

"ಆಯ್ತು, ನೀವೇ ಆರಿಸಿ. ಕಿಟಕಿ ಸರಿಹೋದ್ರೆ ಜಾಗ ನಿಮ್ಮ ಕುರ್ಚಿಗೆ. ಎಡವಟ್ಟಾದ್ರೆ ನನ್ನ ಮೆಷಿನ್‌ಗೆ. ಆಮೇಲೆ ಗೊಣಗೋ ಹಾಗಿಲ್ಲ," ಎಂದಳು.

"ಇದು ನನ್ನ ಮಾತು!"

"ಅದಕ್ಕೇ ಭಯ. ಬರೆದುಕೊಡ್ತೀರಾ?"

ಬರೆದುಕೊಟ್ಟೆ! ಕೆಳಗೆ ಸಹಿ, ಸಹಿಯ ಕೆಳಗೆ ಎರಡು ಗೆರೆ.

ಅಂಗಡಿಯವನು ನಮ್ಮನ್ನು ಒಂದು ಭಾರಿ ಗಾಜಿನ ಮುಂದೆ ನಿಲ್ಲಿಸಿದ. ನೆಲದಿಂದ ಹಿಡಿದು ತಲೆಗಿಂತ ಎತ್ತರಕ್ಕೆ ಎರಡು ರೆಕ್ಕೆ. "ಫ್ರೆಂಚ್ ವಿಂಡೋ ಸಾರ್!"

"ಇದು ಬಾಗಿಲಲ್ವೇನಪ್ಪಾ?" ಎಂದಳು ಹೆಂಡತಿ.

"ಬಾಗಿಲೇ ಅಮ್ಮಾ. ಕಿಟಕಿ ಅಂತ ಕರೀತಾರೆ."

"ಹಾಗಾದ್ರೆ ಕಿಟಕಿ ಬೇಕು ಅಂದೋರಿಗೆ ಏನು ಕೊಡ್ತೀರಾ?"

"ನೀನು ಸ್ವಲ್ಪ ಸುಮ್ನಿರೇ," ಎಂದು ನಾನು ಮುಂದೆ ಬಂದೆ. ಕಲ್ಲಂಗಡಿ ಕೊಳ್ಳುವವನಂತೆ ಗಾಜನ್ನು ಬೆರಳಿನಿಂದ ತಟ್ಟಿ, ಕಿವಿಗೊಟ್ಟು, "ಹೂಂ..." ಎಂದೆ. ಚೌಕಟ್ಟನ್ನು ಮೂಸಿದೆ. ಮತ್ತೊಮ್ಮೆ "ಹೂಂ..." ಎಂದೆ. ಅಂಗಡಿಯವನಿಗೆ ನನ್ನ ಮೇಲೆ ಗೌರವ ಹುಟ್ಟಿತೆಂದು ನನಗೆ ಖಾತ್ರಿಯಾಯಿತು. ಅಷ್ಟರಲ್ಲಿ ಅವನು ಕೇಳಿಯೇಬಿಟ್ಟ: "ಒಳಕ್ಕೆ ತೆರೆಯೋದು ಕೊಡ್ಲಾ ಸಾರ್, ಹೊರಕ್ಕೆ ತೆರೆಯೋದಾ?"

ಅಯ್ಯೋ ದೇವರೇ! ಇದರಲ್ಲಿ ಎರಡು ಜಾತಿ ಇದೆಯೆಂದು ನನಗೆ ಯಾರು ಹೇಳಿದ್ದರು?

"ಹೊರಕ್ಕೆ ಇರ್ಲಿ ರೀ. ಒಳಕ್ಕಾದ್ರೆ ಅಲ್ಲಿ..." ಎಂದು ಹೆಂಡತಿ ಶುರು ಮಾಡಿದಳು.

"ಒಳಕ್ಕೆ!" ಎಂದು ಗುಡುಗಿದೆ. ಕಾರಣ ಇಷ್ಟೇ, ಅವಳು ಹೊರಕ್ಕೆ ಎಂದಿದ್ದಳು.

ಮೇಸ್ತ್ರಿ ಬಂದ, ಗೋಡೆ ಒಡೆದ, ಕಿಟಕಿ ಕೂರಿಸಿದ. ಬೆಳಕು ಹಾಲ್‌ಗೆ ನುಗ್ಗಿತು. ನಾನು ಕುರ್ಚಿ ತಂದು ಗಾಜಿನ ಮುಂದೆ ಪ್ರತಿಷ್ಠಾಪಿಸಿ, ಪಟ್ಟಾಭಿಷೇಕಕ್ಕೆ ಕೂತವನ ಹಾಗೆ ಕೂತು, "ಈಗ ತೆಗೀರಿ!" ಎಂದು ಅಪ್ಪಣೆ ಕೊಟ್ಟೆ. ಮೇಸ್ತ್ರಿ ತೆಗೆದ. ರೆಕ್ಕೆ ಬಂದು ಮೊಣಕಾಲಿಗೆ ಟಣ್ಣನೆ ಬಡಿಯಿತು.

"ಸಾರ್, ಸ್ವಲ್ಪ ಏಳ್ತೀರಾ?"

"ಏಳೋಕಲ್ಲಪ್ಪಾ ಕುರ್ಚಿ ಹಾಕಿರೋದು!"

"ಕುರ್ಚಿ ಅಲ್ಲಿದ್ರೆ ರೆಕ್ಕೆ ತಿರುಗಲ್ಲ ಸಾರ್."

ಕತ್ತಿಗೆ ಅಳತೆ ಟೇಪು ನೇತುಹಾಕಿಕೊಂಡು ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಮೆಷಿನ್ ತರ್ಲಾ?" ಎಂದಳು, ಬಲು ಮೃದುವಾಗಿ.

"ಯಾಕೆ? ಎಲ್ಲಾ ಸರಿಯಾಗೇ ಇದೆ! ಇದು ತೆರೆಯೋ ಕಿಟಕಿ ಅಲ್ಲ ಕಣೇ, ನೋಡೋ ಕಿಟಕಿ!"

ಅಲ್ಲಿಂದ ಶುರುವಾಯಿತು ನನ್ನ ತಪಸ್ಸು. ಗಾಜು ಮುಚ್ಚಿದೆ, ಬಿಸಿಲು ನೆತ್ತಿಗೆ ಹೊಡೆಯುತ್ತಿದೆ, ಒಳಗೆ ನಾನು ಬೇಯುತ್ತಿದ್ದೇನೆ. ಎದ್ದರೆ ಸೋತೆ! ಬಚ್ಚಲಿಗೆ ಹೋಗುವಾಗಲೂ ಬಸ್ಸಿನಲ್ಲಿ ಸೀಟು ಹಿಡಿಯುವವರಂತೆ ಕುರ್ಚಿಯ ಮೇಲೆ ಟವೆಲ್ ಹಾಕಿ ಓಡುತ್ತಿದ್ದೆ. ಆಫೀಸಿನಲ್ಲಿ ಉಳಿದಿದ್ದ ರಜೆಯನ್ನೆಲ್ಲ ಬಳಿದು ಹಾಕಿದೆ.

"ರೀ, ಸೆಕೆ ಆಗ್ತಿಲ್ವಾ?"

"ತಂಪಾಗಿದೆ!" ಎನ್ನುವಾಗ ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕಿ ಪೇಪರಿನ ಕ್ರೀಡಾಪುಟ ಒದ್ದೆಯಾಯಿತು.

ಹದಿನೇಳನೆಯ ದಿನ ಅವಳು ಒಂದು ಅರ್ಧ ಹೊಲಿದ ಕೋಟು ಹಿಡಿದುಕೊಂಡು ಬಂದಳು. "ಇದರ ಗಿರಾಕಿ ನಿಮ್ಮದೇ ಮೈಕಟ್ಟು. ಹಾಕ್ಕೊಂಡು ಕೂತಿರಿ, ಭುಜ ಹೇಗೆ ಕೂರತ್ತೆ ನೋಡ್ಬೇಕು. ಹೇಗೂ ನೀವು ಅಲ್ಲಿಂದ ಅಲ್ಲಾಡಲ್ವಲ್ಲ! ಹುಷಾರು, ತುಂಬಾ ಗುಂಡುಸೂಜಿ ಇದೆ."

ತುಂಬಾ ಎಂದರೆ ನಲವತ್ತು. ಕೆಮ್ಮಿದರೆ ಕಂಕುಳಿಗೆ, ಉಸಿರೆಳೆದರೆ ಪಕ್ಕೆಗೆ! ನಾನು ಕಣ್ಣನ್ನೂ ಮಿಟುಕಿಸದೆ, ಬೆನ್ನು ನೆಟ್ಟಗೆ ಮಾಡಿ, ಬೀದಿಯನ್ನೇ ದಿಟ್ಟಿಸುತ್ತಾ ಕೂತೆ. ದಾರಿಯಲ್ಲಿ ಹೋಗುತ್ತಿದ್ದ ಗಂಡಹೆಂಡಿರಿಬ್ಬರು ನಿಂತರು. ಆ ಗಂಡ ಗಾಜಿಗೆ ಮೂಗು ಒತ್ತಿ ನೋಡಿದ.

"ಗೊಂಬೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ನೋಡೇ! ಬೆವರು ಕೂಡ ಬಿಟ್ಟಿದ್ದಾರೆ!"

"ಮುಖ ಇನ್ನೊಂದು ಸ್ವಲ್ಪ ಚೆನ್ನಾಗಿ ಮಾಡ್ಬಹುದಿತ್ತು," ಎಂದಳು ಆಕೆ. "ಕೋಟು ಮಾತ್ರ ಭಾರಿ ಚೆನ್ನಾಗಿದೆ. ಬನ್ನಿ, ಕೇಳೋಣ."

ಒಳಗೆ ಬಂದೇಬಿಟ್ಟರು! ನಾನು ಗೊಂಬೆಯಲ್ಲ ಎಂದು ಹೇಳಲು ಬಾಯಿ ತೆರೆಯಬೇಕು, ಬಾಯಿ ತೆರೆದರೆ ಕಾಲರಿನ ಸೂಜಿ ಗಂಟಲಿಗೆ! ಹೆಂಡತಿಯ ಕಡೆ ಕಣ್ಣು ಹೊರಳಿಸಿದೆ. ಅವಳು ಆಗಲೇ ಆಕೆಗೆ ಬಟ್ಟೆಯ ತುಂಡುಗಳನ್ನು ತೋರಿಸುವುದರಲ್ಲಿ ಮುಳುಗಿದ್ದಳು. ಇತ್ತ ಆ ಮಹಾಶಯ ಹೊಲಿಗೆ ಪರೀಕ್ಷಿಸಲು ನನ್ನ ತೋಳನ್ನು ಹಿಡಿದು ಮೇಲೆತ್ತಿದ.

"ಅಯ್ಯಯ್ಯಯ್ಯೋ!" ಎಂದು ಕಿರುಚಿ ನಾನು ಛಂಗನೆ ಹಾರಿದೆ.

ಗೊಂಬೆಗೆ ಜೀವ ಬಂದದ್ದು ನೋಡಿ ಅವನ ಜೀವ ಹೋಯಿತು ಎಂದೇ ತಿಳಿದೆ. ಕಣ್ಣು ಮೇಲೆ ಮಾಡಿ ಧೊಪ್ಪನೆ ನನ್ನ ಖಾಲಿ ಕುರ್ಚಿಗೆ ಬಿದ್ದ.

"ಗಾಳಿ! ಗಾಳಿ ಬರ್ಲಿ! ಕಿಟಕಿ ತೆಗೀರಿ!" ಎಂದು ಅವನ ಹೆಂಡತಿ ಬಾಯಿ ಬಡಿದುಕೊಂಡಳು.

ಓಡಿದೆ. ಚಿಲಕ ಎಳೆದೆ. ರೆಕ್ಕೆ ಬಂದು ಅವನ ಮೊಣಕಾಲಿಗೆ ಟಣ್ಣನೆ ಬಡಿದು ನಿಂತಿತು.

"ಏನ್ರೀ ಇದು! ಕಿಟಕಿ ಯಾಕೆ ತೆರೆಯಲ್ಲ?"

"ಅದು... ನೋಡೋ ಕಿಟಕಿ ತಾಯೀ," ಎಂದೆ.

ಆಕೆ ನನ್ನನ್ನು ನೋಡಿದ ನೋಟಕ್ಕೆ ನಲವತ್ತು ಸೂಜಿಯೂ ಹೂವಿನ ಹಾಗೆ ಅನ್ನಿಸಿತು. ಬೇರೆ ದಾರಿಯೇ ಇರಲಿಲ್ಲ. ಹದಿನೇಳು ದಿನ ಬೆವರು ಸುರಿಸಿ ಕಾಪಾಡಿದ ಕುರ್ಚಿಯನ್ನು, ಅದರಲ್ಲಿದ್ದ ಆಸಾಮಿಯ ಸಮೇತ, ನನ್ನ ಎರಡೂ ಕೈಯಿಂದ ಎಳೆದು ಒಳಕೋಣೆಗೆ ಸಾಗಿಸಿದೆ. ರೆಕ್ಕೆಗಳು ಪೂರ್ತಿ ತಿರುಗಿ ಗೋಡೆಗೆ ಅಂಟಿಕೊಂಡವು. ಗಾಳಿ ಬೀಸಿತು. ಆತ ಕಣ್ಣು ಬಿಟ್ಟು, ನನ್ನ ಮುಖ ನೋಡಿ, ಮತ್ತೆ ಮುಚ್ಚಿಕೊಂಡ.

ಅವರು ಚೇತರಿಸಿಕೊಂಡು, ಒಂದು ಕೋಟು ಹೊಲಿಸಲು ಅಳತೆ ಕೊಟ್ಟು ಹೋಗುವಷ್ಟರಲ್ಲಿ, ತೆರೆದ ಕಿಟಕಿಯ ಮುಂದೆ ಮೆಷಿನ್ ಬಂದು ಕೂತಿತ್ತು.

"ಅಲ್ಲ ಕಣೇ, ಅದನ್ನಲ್ಲಿ ಇಟ್ರೆ ರೆಕ್ಕೆ..."

"ಮೊದಲು ರೆಕ್ಕೆ ಪೂರ್ತಿ ತೆರೆದು ಗೋಡೆಗೆ ತಾಗಿಸೋದು. ಆಮೇಲೆ ಮೆಷಿನ್ ಇಡೋದು. ಅಷ್ಟೇ."

ನಾನು ಗೋಡೆ ಹಿಡಿದುಕೊಂಡೆ. "ಹಾಗಾದ್ರೆ ನನ್ನ ಕುರ್ಚೀನೂ..."

"ಇಡಬಹುದಿತ್ತು."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವೊಬ್ಬರೇ ಅಂದಿದ್ರಲ್ಲ!"

ಗಿರಾಕಿಗಳು ಹೆಚ್ಚಿದರು. ಬೆಳಕಿನಲ್ಲಿ ಅವಳ ಮುಖವೂ ಅರಳಿತು. ಹೊಟ್ಟೆಕಿಚ್ಚಾದರೂ ಅದು ನಿಜ. ತಿಂಗಳೊಳಗೆ ಒಂದು ಅಸಲಿ ಪ್ಲಾಸ್ಟಿಕ್ ಗೊಂಬೆ ಬಂತು. ಅದಕ್ಕೆ ಕೋಟು ತೊಡಿಸಿ ಕಿಟಕಿಯ ಪಕ್ಕ ನಿಲ್ಲಿಸುವ ಕೆಲಸ ನನಗೆ ಬಿತ್ತು. ನಾನು ಅದರ ಗುಂಡಿ ಹಾಕುತ್ತಿದ್ದಾಗ, ದಿನಾ ಬೀದಿಯಲ್ಲಿ ವಾಕಿಂಗ್ ಹೋಗುವ ಒಬ್ಬ ಅಜ್ಜ ಕೋಲೂರಿ ನಿಂತು ಇಣುಕಿದರು.

"ಏನಮ್ಮಾ, ಹಳೇ ಗೊಂಬೆ ತೆಗೆದುಬಿಟ್ಯಾ?"

"ಒಳಗೆ ಹಾಕಿದೀನಿ ಅಜ್ಜಾ," ಎಂದಳು ನನ್ನವಳು, ಮೆಷಿನ್ ತುಳಿಯುತ್ತಾ.

"ಒಳ್ಳೇದು ಮಾಡಿದೆ. ಇದರ ಮುಖದಲ್ಲಿ ನೋಡು, ಎಷ್ಟು ಜೀವಕಳೆ ಇದೆ!" ಎಂದು ಅಜ್ಜ ನನ್ನ ಕಡೆ ತಿರುಗಿದರು. "ಅಲ್ವೇನಪ್ಪಾ?"

"ಹೌದು ಅಜ್ಜಾ," ಎಂದೆ.